ಪಹಣಿ, ಆಧಾರ್, ಹೆಬ್ಬೆಟ್ಟು: ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ

ಮುಂಗಾರು ಬೆಳೆ ವಿಮೆಗೆ ನೋಂದಾಯಿಸುವ ಕೊನೆಯ ದಿನ ಸಮೀಪಿಸಿತೆಂದರೆ ನಮ್ಮ ಜಿಲ್ಲೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ ಬೆಳಗಿನ ಜಾವದಿಂದಲೇ ಚಿತ್ರಗಳು ಬಂದು ಬೀಳತೊಡಗುತ್ತವೆ. ಆಧಾರ್ ಕಾರ್ಡಿನ ಎರಡೂ ಮಗ್ಗುಲು, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಪಹಣಿ, ಎಫ್‌ಐಡಿ ಸಂಖ್ಯೆ, ಅವುಗಳ ಕೆಳಗೆ "ಸಾರ್, ನಮ್ಮದು ಆಗಿದೆಯಾ ನೋಡಿ ಹೇಳಿ" ಎಂದು ಒಂದು ಸಾಲು. ಕಳಿಸಿದ ರೈತರ ಉದ್ದೇಶ ಅಧಿಕಾರಿಗೆ ತಲುಪಲಿ ಎಂಬುದಷ್ಟೆ. ಆದರೆ ಮುನ್ನೂರು ನಾನ್ನೂರು ಜನರಿರುವ ಆ ಗುಂಪಿನಲ್ಲಿ ಔಷಧಿ ಅಂಗಡಿಯವರು, ಹನಿ ನೀರಾವರಿ ಕಂಪನಿಯ ಪ್ರತಿನಿಧಿಗಳು, ನರ್ಸರಿಯವರು, ಮಂಡಿಯವರು, ಯಾರು ಯಾವಾಗ ಸೇರಿಸಿದರೆಂದು ಯಾರಿಗೂ ನೆನಪಿಲ್ಲದ ನಾಲ್ಕಾರು ನಂಬರುಗಳು, ಎಲ್ಲವೂ ಇರುತ್ತವೆ. ಒಮ್ಮೆ ಗುಂಪಿಗೆ ಬಿದ್ದ ಚಿತ್ರ ಅಷ್ಟೂ ಫೋನುಗಳಲ್ಲಿ ಉಳಿಯುತ್ತದೆ.

ಇದರಲ್ಲಿ ರೈತರನ್ನಷ್ಟೇ ದೂರುವಂತಿಲ್ಲ. "ದಾಖಲೆಗಳನ್ನು ಗುಂಪಿಗೆ ಹಾಕಿಬಿಡಿ" ಎಂದು ಹೇಳುವ ಸಿಬ್ಬಂದಿಯೂ ಇದ್ದಾರೆ. ಹಾಗೆ ಯಾರಾದರೂ ಕೇಳಿದಲ್ಲಿ, ಗುಂಪಿಗೆ ಹಾಕುವುದಿಲ್ಲ, ತಮ್ಮ ಸ್ವಂತ ನಂಬರಿಗೆ ಕಳಿಸುತ್ತೇವೆ ಇಲ್ಲವೇ ಕೇಂದ್ರಕ್ಕೆ ತಂದು ತೋರಿಸುತ್ತೇವೆ ಎಂದು ಹೇಳುವುದಕ್ಕೆ ರೈತ ಬಾಂಧವರು ಸಂಕೋಚಪಡಬೇಕಾಗಿಲ್ಲ.

ಬಾಗೇಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ ಈ ವಿಚಾರ ಹೇಳುತ್ತಿದ್ದಾಗ ಹಿರಿಯರೊಬ್ಬರು, "ನಮ್ಮತ್ರ ಕದಿಯೋಕೆ ಏನೈತೆ ಸಾರ್? ಎರಡೆಕರೆ ಕಡ್ಲೆಕಾಯಿ ಹೊಲ, ಅದ್ನೇನು ಫೋನಲ್ಲಿ ಹೊತ್ಕೊಂಡು ಹೋಗ್ತಾರಾ?" ಎಂದು ಕೇಳಿದರು. ಕೂತಿದ್ದವರೆಲ್ಲ ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಈ ಲೇಖನ ಅದಕ್ಕೆ ಸ್ವಲ್ಪ ವಿವರವಾದ ಉತ್ತರ.

ಪಹಣಿಯೊಂದೇ ಆದರೆ ಭಯವಿಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಪಹಣಿ ಗುಟ್ಟಿನ ಕಾಗದವಲ್ಲ. ಸರ್ವೆ ನಂಬರು ಗೊತ್ತಿರುವ ಯಾರೇ ಆಗಲಿ ಭೂಮಿ ಜಾಲತಾಣದಲ್ಲಿ ಅದನ್ನು ತೆರೆದು ನೋಡಬಹುದು. ಜಮೀನು ಯಾರದು, ವಿಸ್ತೀರ್ಣವೆಷ್ಟು, 11ನೇ ಕಲಮಿನಲ್ಲಿ ಯಾವ ಬ್ಯಾಂಕಿನ ಋಣವಿದೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಜಮೀನು ಕೊಳ್ಳುವವನು ಮೋಸಹೋಗಬಾರದೆಂದು ಹಾಗೆ ಇಟ್ಟಿರುವುದು ಸರಿಯಾಗಿಯೇ ಇದೆ.

ಅಪಾಯ ಬರುವುದು ಬಿಡಿಬಿಡಿಯಾಗಿದ್ದ ವಿವರಗಳು ಒಂದೇ ಕಡೆ ಕೂಡಿದಾಗ. ಪಹಣಿಯಿಂದ ಹೆಸರು ಮತ್ತು ಸಾಲದ ಸಂಗತಿ, ಆಧಾರದಿಂದ 12 ಅಂಕಿ ಮತ್ತು ಹುಟ್ಟಿದ ದಿನಾಂಕ, ಪಾಸ್‌ಪುಸ್ತಕದಿಂದ ಬ್ಯಾಂಕು ಮತ್ತು ಖಾತೆ, ಕಳಿಸಿದ ಫೋನಿನಿಂದ ನಂಬರು. ಇಷ್ಟು ಕೈಗೆ ಸಿಕ್ಕಿದವನು ನಿಮಗೆ ಕರೆಮಾಡಿ, ನಿಮ್ಮ ಊರು, ಸರ್ವೆ ನಂಬರು, ಬ್ಯಾಂಕಿನ ಶಾಖೆ ಎಲ್ಲವನ್ನೂ ತಾನೇ ಹೇಳಿ, "ನಿಮ್ಮ ವಿಮೆ ಹಣ ನಿಂತಿದೆ, ಈಗ ಬರುವ ಓಟಿಪಿ ಹೇಳಿ" ಎಂದರೆ ನಂಬದಿರುವುದು ಕಷ್ಟ. ಇಷ್ಟೆಲ್ಲ ಗೊತ್ತಿರುವವನು ಆಫೀಸಿನವನೇ ಇರಬೇಕೆಂದು ಮನಸ್ಸು ಹೇಳುತ್ತದೆ.

ಇನ್ನು ಹೆಬ್ಬೆಟ್ಟಿನ ವಿಚಾರ. ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಯ ಬಳಿ ಹೆಬ್ಬೆಟ್ಟು ಒತ್ತಿ ಹಣ ಪಡೆಯುತ್ತೇವಲ್ಲ, ಆ ವ್ಯವಸ್ಥೆಗೆ ಬೇಕಾಗುವುದು ಮೂರು: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಓಟಿಪಿ ಬೇಡ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಗಳಿಂದ ಹೀಗೆಯೇ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ತೆಗೆದು, ಬೆರಳಿನ ನಕಲು ಮಾಡಿಕೊಂಡು ಹಣ ಎಳೆಯುತ್ತಿದ್ದರೆಂದು ಪೊಲೀಸರು ಬಿಹಾರ ಮೂಲದವರನ್ನು ಬಂಧಿಸಿದ್ದರು. ಪೊಲೀಸರಿಂದ ಪತ್ರ ಹೋದ ಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ವಿಚಾರ ಮುಂದೆ ಬಂತು. ಕ್ರಯಪತ್ರ, ವಿಭಾಗಪತ್ರಗಳ ಎಲ್ಲ ಪುಟಗಳನ್ನೂ ಫೋಟೋ ತೆಗೆದು ಗುಂಪಿಗೆ ಹಾಕುವವರು ಈ ಪ್ರಕರಣವನ್ನು ನೆನಪಿಡಬೇಕು.

ಸರ್ಕಾರಿ ಜಾಲತಾಣಗಳೂ ಇದಕ್ಕೆ ಹೊರತಾಗಿಲ್ಲ. ಪಿಎಂ ಕಿಸಾನ್ ಜಾಲತಾಣದ ಒಂದು ಭಾಗದಿಂದ ರೈತರ ಆಧಾರ್ ಸಂಖ್ಯೆಗಳು ಹೊರಗೆ ಕಾಣುತ್ತಿದ್ದುದನ್ನು ಒಬ್ಬ ಭದ್ರತಾ ಸಂಶೋಧಕರು ಪತ್ತೆ ಮಾಡಿದ ಸಂಗತಿ 2022ರ ಜೂನ್‌ನಲ್ಲಿ ವರದಿಯಾಯಿತು. ಅಷ್ಟರಲ್ಲಿ ದೋಷ ಸರಿಪಡಿಸಲಾಗಿತ್ತು.

335 ಜನ ಒಪ್ಪಿದರು, 5.62 ಲಕ್ಷ ಜನರ ವಿವರ ಹೋಯಿತು

ನಮ್ಮ ಮೊಬೈಲಿನಲ್ಲಿರುವುದು ನಮ್ಮದೊಂದೇ ವಿವರವಲ್ಲ. ಇದನ್ನು ತಿಳಿಯಲು ಫೇಸ್‌ಬುಕ್ಕಿನಲ್ಲಿ ನಡೆದ ಒಂದು ಪ್ರಕರಣ ಸಾಕು. ನಿಮ್ಮ ಸ್ವಭಾವ ಎಂಥದೆಂದು ಹೇಳುತ್ತೇವೆ, ಕೆಲವು ಪ್ರಶ್ನೆಗಳಿಗೆ ಉತ್ತರಿಸಿ ಎಂದು ಒಂದು ಆ್ಯಪ್ ಬಂದಿತ್ತು. ಅದು ಉತ್ತರಿಸಿದವರ ವಿವರದೊಂದಿಗೆ ಅವರ ಗೆಳೆಯರ ಪಟ್ಟಿಯಲ್ಲಿದ್ದವರ ವಿವರವನ್ನೂ ಎಳೆದುಕೊಂಡಿತು. ಅದು ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಚುನಾವಣಾ ಪ್ರಚಾರದ ಕಂಪನಿಯ ಕೈಸೇರಿದ್ದು 2018ರಲ್ಲಿ ಬಯಲಾಯಿತು. ಜಗತ್ತಿನಲ್ಲಿ 8.7 ಕೋಟಿ ಜನರ ವಿವರ ಹೀಗೆ ಹೋಗಿರಬಹುದೆಂದು ಫೇಸ್‌ಬುಕ್ಕೇ ಹೇಳಿತು. ಭಾರತದ ಲೆಕ್ಕವನ್ನು ಗಮನಿಸಿ. ಆ ಆ್ಯಪನ್ನು ಹಾಕಿಕೊಂಡವರು ಇಲ್ಲಿ ಕೇವಲ 335 ಜನ. ವಿವರ ಹೋಗಿರಬಹುದಾದವರು ಸುಮಾರು 5.62 ಲಕ್ಷ. ಉಳಿದವರು ಏನನ್ನೂ ಒಪ್ಪಿರಲಿಲ್ಲ, ಆ್ಯಪಿನ ಹೆಸರನ್ನೂ ಕೇಳಿರಲಿಲ್ಲ.

ಕಾಂಗ್ರೆಸ್ ಕಳೆಯ ಸ್ವಭಾವ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬನ ಬದುವಿನಲ್ಲಿ ಹೂ ಬಿಡುವವರೆಗೆ ಬಿಟ್ಟರೆ ಬೀಜ ಸುತ್ತಲ ಹೊಲಗಳಿಗೆಲ್ಲ ಹಾರುತ್ತದೆ. ಫೋನಿನ ಸಂಪರ್ಕ ಪಟ್ಟಿಯೂ ಹಾಗೆಯೇ. ನಿಮ್ಮ ಫೋನಿನಲ್ಲಿರುವ ನಾನ್ನೂರು ಹೆಸರುಗಳಲ್ಲಿ ಬೀಗರಿದ್ದಾರೆ, ಹೆಣ್ಣುಮಕ್ಕಳಿದ್ದಾರೆ, ಸಂಘದ ಸದಸ್ಯೆಯರಿದ್ದಾರೆ. "ಅನುಮತಿಸು" ಎಂಬ ಗುಂಡಿ ಒತ್ತುವುದು ನೀವೊಬ್ಬರೇ, ಹೋಗುವುದು ಅವರೆಲ್ಲರ ಹೆಸರು ಮತ್ತು ನಂಬರು.

ನಮ್ಮ ಮನೆಗಳ ಸ್ಥಿತಿಯಲ್ಲಿ ಇನ್ನೊಂದು ತೊಡಕೂ ಇದೆ. ಫೋನು ಮಗನದು, ಪಹಣಿ ತಂದೆಯದು, ಖಾತೆಗೆ ಹೆಬ್ಬೆಟ್ಟು ತಾಯಿಯದು. ಪಹಣಿಯೇನಾದರೂ ಜಂಟಿಯಾಗಿದ್ದರೆ ಅಣ್ಣತಮ್ಮಂದಿರ ಹೆಸರೆಲ್ಲ ಒಂದೇ ಹಾಳೆಯಲ್ಲಿ. ಒಪ್ಪಿಗೆ ಕೊಡುವ ಹುಡುಗನಿಗೆ ಹದಿನೇಳು ತುಂಬಿರುವುದಿಲ್ಲ. ಯಾರ ವಿವರವೋ ಅವರನ್ನು ಯಾರೂ ಕೇಳಿರುವುದೇ ಇಲ್ಲ.

ಸಾಲದ ಆ್ಯಪುಗಳು ಈ ಸಂಪರ್ಕ ಪಟ್ಟಿಯನ್ನೇ ಬಂಡವಾಳ ಮಾಡಿಕೊಂಡವು. ಐದು ಸಾವಿರ ರೂಪಾಯಿ ಐದು ನಿಮಿಷದಲ್ಲಿ ಕೊಟ್ಟು, ವಾರದೊಳಗೆ ಬಡ್ಡಿ ಸಹಿತ ಕೇಳುವುದು. ತಡವಾದರೆ ಸಾಲಗಾರನ ಫೋನಿನಲ್ಲಿದ್ದ ಎಲ್ಲರಿಗೂ ಸಂದೇಶ ಕಳಿಸಿ ಮಾನ ಕಳೆಯುವುದು. ಫೋಟೋಗಳನ್ನು ವಿಕಾರಗೊಳಿಸಿ ಹೆಂಗಸರನ್ನು ಬೆದರಿಸಿದ್ದೂ ಉಂಟು. ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರಲ್ಲಿ ಎಣಿಸಿದಾಗ ಸುಮಾರು 1,100 ಸಾಲದ ಆ್ಯಪುಗಳಲ್ಲಿ 600 ಅಕ್ರಮವೆಂದು ಕಂಡುಬಂದವು. 2022ರ ಸೆಪ್ಟೆಂಬರ್‌ನಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಲದ ಆ್ಯಪು ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೋ ಮತ್ತು ಕಡತಗಳನ್ನು ಮುಟ್ಟುವಂತಿಲ್ಲ. ಆದ್ದರಿಂದ ಸಾಲದ ಆ್ಯಪು ಸಂಪರ್ಕ ಪಟ್ಟಿ ಕೇಳಿದರೆ ಅದೇ ಅದರ ಜಾತಕ. ಮುಂದಕ್ಕೆ ಹೋಗದೆ ತೆಗೆದುಹಾಕಿ.

ಯಾವ ಕೆಲಸಕ್ಕೆ ಯಾವ ಅನುಮತಿ?

ಎಲ್ಲ ಅನುಮತಿಯೂ ಕೆಟ್ಟದ್ದೆಂದು ತಿಳಿಯಬಾರದು. 2020ರ ಮುಂಗಾರಿನಲ್ಲಿ "ನನ್ನ ಬೆಳೆ ನನ್ನ ಹಕ್ಕು" ಎಂದು ರೈತರೇ ಬೆಳೆ ಸಮೀಕ್ಷೆ ಮಾಡುವ ಆ್ಯಪು ಬಂದಾಗ ಅದು ಕ್ಯಾಮೆರಾ ಮತ್ತು ಸ್ಥಳದ ಅನುಮತಿ ಕೇಳಿತು. ಅದು ನ್ಯಾಯ. ನಿಮ್ಮ ಸರ್ವೆ ನಂಬರಿನಲ್ಲಿ ನಿಂತೇ ಫೋಟೋ ತೆಗೆದಿದ್ದೀರೆಂದು ತಿಳಿಯಬೇಕಾದರೆ ಅವೆರಡೂ ಬೇಕು. ಹವಾಮಾನ ಇಲಾಖೆಯ ಮೇಘದೂತದಂಥ ಆ್ಯಪಿಗೆ ನಿಮ್ಮ ಜಿಲ್ಲೆ ಗೊತ್ತಾಗಬೇಕು. ಆದರೆ ಮಳೆ ಬರುತ್ತದೆಯೇ ಎಂದು ಹೇಳುವವನಿಗೆ ನಿಮ್ಮ ಷಡ್ಡಕನ ನಂಬರು ಯಾಕೆ?

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಎಸ್‌ಎಂಎಸ್ ಓದುವ ಅನುಮತಿಗೆ. ಬ್ಯಾಂಕಿನ ಓಟಿಪಿ ಬರುವುದು ಅಲ್ಲಿಗೆ, ಖಾತೆಯಲ್ಲಿ ಉಳಿದ ಹಣದ ಸಂದೇಶ ಬರುವುದೂ ಅಲ್ಲಿಗೆ. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಹರಿದಾಡಿರುವ ನಕಲಿ ಕಡತಗಳು ಮಾಡುವುದು ಇದನ್ನೇ. ಕಡತದ ಹೆಸರಿನ ಕೊನೆಗೆ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಚಿತ್ರವೂ ಅಲ್ಲ, ಅರ್ಜಿ ನಮೂನೆಯೂ ಅಲ್ಲ, ಆ್ಯಪು. ಪರಿಚಯದವರೇ ಕಳಿಸಿದ್ದರೂ ಮುಟ್ಟಬೇಡಿ. ಅವರ ಫೋನು ಆಗಲೇ ಕೈಬಿಟ್ಟು ಹೋಗಿದ್ದು, ಅದು ತಾನೇ ಕಳಿಸುತ್ತಿರಲೂಬಹುದು.

ಈಗಾಗಲೇ ಕೊಟ್ಟಿರುವ ಅನುಮತಿಗಳನ್ನು ಹಿಂತೆಗೆಯಲು ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಪ್ಸ್ ಎಂಬಲ್ಲಿಗೆ ಹೋಗಿ, ಒಂದೊಂದೇ ಆ್ಯಪನ್ನು ತೆರೆದು ಪರ್ಮಿಷನ್ಸ್ ಎಂಬುದನ್ನು ನೋಡಿ. ವಾಚನಾಲಯದಲ್ಲಿ ನಾಲ್ಕು ಜನ ಕೂತು ಒಟ್ಟಿಗೆ ಮಾಡಿದರೆ ಅರ್ಧ ಗಂಟೆಯ ಕೆಲಸ. ಓದಿದ ಹುಡುಗರಿದ್ದರೆ ಇನ್ನೂ ಬೇಗ. ವಾಟ್ಸಾಪಿನ ಪ್ರೈವೆಸಿ ಎಂಬಲ್ಲಿ, ನಿಮ್ಮನ್ನು ಯಾರು ಗುಂಪಿಗೆ ಸೇರಿಸಬಹುದು ಎಂಬ ಆಯ್ಕೆಯನ್ನು "ನನ್ನ ಸಂಪರ್ಕಗಳು" ಎಂದು ಬದಲಿಸಿ. ತಪ್ಪಿ ಗುಂಪಿಗೆ ದಾಖಲೆ ಹಾಕಿದ್ದರೆ ಸುಮಾರು ಎರಡು ದಿನದೊಳಗೆ "ಎಲ್ಲರಿಗೂ ಅಳಿಸು" ಎಂದು ಒತ್ತಬಹುದು. ಗುಂಪಿನ ಅಡ್ಮಿನ್ ಆದವರು ಬೇರೆಯವರ ಸಂದೇಶವನ್ನೂ ಅಳಿಸಬಲ್ಲರು, ಅಳಿಸಬೇಕು ಕೂಡ. ಅಷ್ಟರಲ್ಲಿ ಉಳಿಸಿಕೊಂಡವರ ಫೋನಿನಿಂದ ಮಾತ್ರ ಅದು ಹೋಗುವುದಿಲ್ಲ.

ವಾಟ್ಸಾಪ್ ಕಂಪನಿ ನಮ್ಮ ಮಾತು ಓದುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಸಂದೇಶಗಳನ್ನು 2016ರಿಂದ ಬೀಗ ಹಾಕಿ ಸಾಗಿಸಲಾಗುತ್ತಿದೆ; ಒಳಗಿನ ಮಾತು ಕಂಪನಿಗೆ ಕಾಣುವುದಿಲ್ಲ. ಆದರೆ ಯಾರು ಯಾರೊಂದಿಗೆ, ಎಷ್ಟು ಹೊತ್ತಿಗೆ ಸಂಪರ್ಕದಲ್ಲಿದ್ದಾರೆ, ಯಾವ ಗುಂಪಿನಲ್ಲಿದ್ದಾರೆ, ಯಾವ ಫೋನು, ಯಾವ ಸೀಮೆ ಎಂಬುದು ಗೊತ್ತಾಗುತ್ತದೆ. ಲಕೋಟೆ ಒಡೆಯದ ಅಂಚೆಯವನಿಗೂ ವಿಳಾಸ ತಿಳಿದಿರುವಂತೆ. ಈ ವಿವರಗಳನ್ನು ಫೇಸ್‌ಬುಕ್ ಒಡೆತನದ ಇತರ ಕಂಪನಿಗಳೊಂದಿಗೆ ಹಂಚಿಕೊಳ್ಳುವುದಕ್ಕೆ ಒಪ್ಪಲೇಬೇಕೆಂದು 2021ರಲ್ಲಿ ಷರತ್ತು ಹಾಕಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿ ನ್ಯಾಯಮಂಡಳಿ 2025ರ ನವೆಂಬರ್‌ನಲ್ಲಿ ಆ ದಂಡವನ್ನು ಎತ್ತಿಹಿಡಿಯಿತು.

ಟವಲ್ಲಿನ ಕೆಳಗಿನ ಬೆರಳು

ಗುಟ್ಟು ಕಾಯುವುದು ರೈತನಿಗೆ ಹೊಸತೇನಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕೈ ಮೇಲೆ ಟವಲ್ಲು ಮುಚ್ಚಿ, ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುವ ಪದ್ಧತಿಯನ್ನು ಹಿರಿಯರೆಲ್ಲ ಕಂಡವರೇ. ಸುತ್ತ ನಿಂತ ನೂರು ಜನಕ್ಕೆ ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು ತಿಳಿಯದು. ತಿಳಿದರೆ ಮುಂದಿನ ಜೋಡಿಯ ವ್ಯಾಪಾರ ಕೆಡುತ್ತದೆ.

ಈಗ ಅದೇ ರೈತರ ಮಕ್ಕಳು ಚಿಂತಾಮಣಿ ಕಡೆಯಲ್ಲಿ ಟೊಮೆಟೊ ತೋಟದ ಫೋಟೋ ಸ್ಟೇಟಸ್ಸಿಗೆ ಹಾಕಿ, ಎರಡು ಎಕರೆ, ಬರುವ ಸೋಮವಾರ ಮೊದಲ ಕೊಯ್ಲು ಎಂದು ಬರೆಯುತ್ತಾರೆ. ಅದೇ ಫೋನಿನಿಂದ ಹಿಂದಿನ ವಾರ ಸಾಲ ಕೇಳಿದ ಸಂದೇಶವೂ ಹೋಗಿರುತ್ತದೆ. ಕಾಯಿ ಕೆಂಪಾಗಿದೆ, ಹಣದ ತುರ್ತಿದೆ ಎಂಬ ಎರಡನ್ನೂ ಬಲ್ಲ ಖರೀದಿದಾರನೆದುರು ರೈತ ಯಾವ ಬೆಲೆಗೆ ಗಟ್ಟಿ ನಿಲ್ಲಬಲ್ಲ? ಟೊಮೆಟೊ ಬೆಲೆ ಗಗನಕ್ಕೇರಿದ್ದ 2023ರ ಜುಲೈನಲ್ಲಿ ಹಾಸನ ಜಿಲ್ಲೆಯ ಹಳೇಬೀಡಿನ ಬಳಿ ಹೊಲದಿಂದಲೇ ರಾತ್ರೋರಾತ್ರಿ ಬೆಳೆ ಕಳುವಾಯಿತು. ಅದಕ್ಕೆ ಫೋನೇ ಕಾರಣವೆಂದು ನಾನು ಹೇಳುತ್ತಿಲ್ಲ. ಅಂಥ ಕಾಲದಲ್ಲಿ ಮಾಗಿದ ತೋಟದ ಚಿತ್ರವನ್ನು ಊರ ಹೆಸರಿನ ಸಮೇತ ಹಾಕುವುದು ಬೇಡ ಎಂದಷ್ಟೇ ಹೇಳುತ್ತಿದ್ದೇನೆ.

ಒಬ್ಬ ರೈತನ ವಿವರದಿಂದ ಆಗುವುದು ಇಷ್ಟು. ಹೋಬಳಿಯ ಸಾವಿರ ರೈತರ ವಿವರ ಒಂದೇ ಕಂಪನಿಯ ಬಳಿ ಸೇರಿದರೆ? ಸಲಹೆ ಉಚಿತ ಎಂದು ಹೇಳಿ ಬೆಳೆ, ವಿಸ್ತೀರ್ಣ, ನಾಟಿ ಮಾಡಿದ ದಿನ, ಹಾಕಿದ ಗೊಬ್ಬರ, ಹೊಲದ ಸ್ಥಳ ಎಲ್ಲವನ್ನೂ ತುಂಬಿಸಿಕೊಳ್ಳುವ ಆ್ಯಪುಗಳು ಹಲವಾರಿವೆ. ಸಲಹೆ ಚೆನ್ನಾಗಿಯೂ ಇರಬಹುದು. ಆದರೆ ಯಾವ ವಾರ ಎಷ್ಟು ಲೋಡು ಟೊಮೆಟೊ ಬರುತ್ತದೆ, ಎಲ್ಲಿ ಯಾವ ರೋಗ ಬಿದ್ದಿದೆ, ಯಾವ ಔಷಧಿಗೆ ಬೇಡಿಕೆ ಬರುತ್ತದೆ ಎಂಬುದು ಕಂಪನಿಗೆ ಮೊದಲೇ ತಿಳಿಯುತ್ತದೆ, ಬೆಳೆದವನಿಗೆ ಮಾರುಕಟ್ಟೆಯಲ್ಲಿ ಲಾರಿ ಇಳಿಸುವಾಗ ತಿಳಿಯುತ್ತದೆ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ನೆರೆಯ ಆಂಧ್ರವೂ ಸೇರಿ 6 ರಾಜ್ಯಗಳ 100 ಹಳ್ಳಿಗಳಲ್ಲಿ ರೈತರ ವಿವರಗಳನ್ನು ಆಧರಿಸಿದ ಪ್ರಾಯೋಗಿಕ ಯೋಜನೆಗೆ ಮೈಕ್ರೋಸಾಫ್ಟ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಾಗ 55 ಸಂಘಟನೆಗಳು ಪತ್ರ ಬರೆದು ಆಕ್ಷೇಪಿಸಿದ್ದವು. ರೈತರನ್ನು ಮೊದಲು ಕೇಳಬೇಕಿತ್ತು ಎಂಬ ಅವರ ಮಾತಿನಲ್ಲಿ ಹುರುಳಿತ್ತೆಂದೇ ನನ್ನ ಅಭಿಪ್ರಾಯ. ಇಂಥ ವಿವರ ಕೊಡುವುದೇ ಆದರೆ ರೈತ ಉತ್ಪಾದಕರ ಕಂಪನಿ ಅಥವಾ ಸಂಘದ ಮೂಲಕ, ಅದರಿಂದ ನಮಗೇನು ತಿರುಗಿ ಬರುತ್ತದೆ ಎಂದು ಕೇಳಿಯೇ ಕೊಡುವುದು ಲೇಸು.

ಕಾನೂನಿನ ಬಲ ಎಷ್ಟು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ಅವರು ತೀರಿಕೊಂಡರು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಕೆಲಸಕ್ಕೆ ಅಗತ್ಯವಾದಷ್ಟೇ ವಿವರ ಪಡೆಯಬೇಕು ಎಂಬುದು ಅದರ ಒಂದು ಮುಖ್ಯ ಮಾತು. ಕಾಯ್ದೆಯಲ್ಲೇ ಕೊಟ್ಟಿರುವ ಉದಾಹರಣೆ ನೋಡಿ: ಫೋನಿನಲ್ಲಿ ವೈದ್ಯಕೀಯ ಸಲಹೆ ಕೊಡುವ ಆ್ಯಪು ಸಂಪರ್ಕ ಪಟ್ಟಿಯನ್ನೂ ಕೇಳಿ, ಬಳಸುವವರು ಎರಡಕ್ಕೂ ಒಪ್ಪಿದರೂ, ಆ ಒಪ್ಪಿಗೆ ವೈದ್ಯಕೀಯ ಸಲಹೆಯ ಮಟ್ಟಿಗೆ ಮಾತ್ರ ಸಲ್ಲುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆಯಬಹುದು. ಒಪ್ಪಿಗೆ ಕೇಳುವ ತಿಳುವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯಲು ಅವಕಾಶವಿರಬೇಕು. ಕನ್ನಡ ಅದರಲ್ಲಿದೆ. ಗಡಿ ಸೀಮೆಯಲ್ಲಿ ಮನೆಮಾತು ತೆಲುಗಾದವರಿಗೆ ತೆಲುಗು, ಶಿಡ್ಲಘಟ್ಟದ ರೀಲರುಗಳಲ್ಲಿ ಉರ್ದು ಓದುವವರಿಗೆ ಉರ್ದೂ ಇದೆ. ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಸಹಾಯಧನ, ಸೌಲಭ್ಯಗಳ ವಿಷಯದಲ್ಲಿ ಸರ್ಕಾರಕ್ಕೆ ಮಾತ್ರ ಕಾಯ್ದೆ ಸಾಕಷ್ಟು ಸಡಿಲ ಬಿಟ್ಟಿದೆ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಹೆಬ್ಬೆಟ್ಟಿಗೆ ಬೀಗ

ಆಧಾರ್ ಪ್ರಾಧಿಕಾರದ ಆ್ಯಪು ಅಥವಾ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ, ಖರ್ಚಿಲ್ಲ. ಆಧಾರಿಗೆ ಮೊಬೈಲ್ ನಂಬರು ಜೋಡಣೆಯಾಗಿರಬೇಕು. ಬೀಗ ಹಾಕಿದ ಮೇಲೆ ನಕಲಿ ಬೆರಳು ಕೆಲಸ ಮಾಡುವುದಿಲ್ಲ. ಆದರೆ ನಿಮ್ಮ ಸ್ವಂತ ಬೆರಳೂ ಕೆಲಸ ಮಾಡುವುದಿಲ್ಲವಾದ್ದರಿಂದ, ನ್ಯಾಯಬೆಲೆ ಅಂಗಡಿಯಲ್ಲಿ ಅಥವಾ ಯೂರಿಯಾ ಕೊಳ್ಳುವಾಗ ಯಂತ್ರಕ್ಕೆ ಬೆರಳು ಇಡುವ ಮುನ್ನ ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕು. ಹತ್ತು ನಿಮಿಷ ತೆರೆದಿದ್ದು ಮತ್ತೆ ಮುಚ್ಚಿಕೊಳ್ಳುತ್ತದೆ. ಫೋನಿನ ಬಳಕೆ ಬಾರದ ವಯಸ್ಸಾದವರು ಮನೆಯಲ್ಲಿ ಒಂಟಿಯಾಗಿದ್ದರೆ ಅವರ ಆಧಾರಿಗೆ ಬೀಗ ಹಾಕಿ ಬೆಂಗಳೂರಿಗೆ ಹೊರಟುಬಿಡಬೇಡಿ, ರೇಷನ್ನಿಗೆ ತೊಂದರೆಯಾದೀತು. ಆಧಾರ್ ಪ್ರತಿ ಕೊಡಬೇಕಾದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಅದೇ ಜಾಲತಾಣದಿಂದ ತೆಗೆದುಕೊಳ್ಳಬಹುದು.

ಖಾತೆಯಿಂದ ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆಮಾಡಿ. ಬೇಗ ಕರೆಮಾಡಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅನಂತರ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಕಡೆಯ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಷ್ಟ ಗ್ರಾಹಕನ ಮೇಲೆ ಬೀಳಕೂಡದೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಓಟಿಪಿಯನ್ನು ನೀವೇ ಹೇಳಿದ್ದರೆ ಆ ರಕ್ಷಣೆ ಸಿಗುವುದು ಕಷ್ಟ. ದೂರು ಕೊಡಲು ಚಿಕ್ಕಬಳ್ಳಾಪುರದ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ಪಾಸ್‌ಪುಸ್ತಕ ಮತ್ತು ಹಣ ಹೋದ ಎಸ್‌ಎಂಎಸ್ ಇರುವ ಫೋನು ಜೊತೆಗಿರಲಿ. ಸಿಟ್ಟಿನಲ್ಲಿ ಆ ಸಂದೇಶವನ್ನಾಗಲಿ, ಮೋಸಗಾರನ ವಾಟ್ಸಾಪ್ ಮಾತುಕತೆಯನ್ನಾಗಲಿ ಅಳಿಸಬಾರದು.